ಫೋರ್-ವೀಲ್-ಡ್ರೈವ್ ಗಾಡಿಯ ಮುಂದಿನ ಆಕ್ಸಲ್: ಜಾಯಿಂಟನ್ನು ಬೈಯುವ ಮೊದಲು ಸೀಲ್ ನೋಡಿ

ಗಟ್ಟಿ ಆಕ್ಸಲ್ ಇರುವ ಫೋರ್-ವೀಲ್-ಡ್ರೈವ್ ಗಾಡಿಯ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರೆ, ಕೆಲವು ಮಾಡೆಲ್‌ಗಳಲ್ಲಿ ದೊಡ್ಡದೊಂದು ಉಕ್ಕಿನ ಗೋಳ ಕಾಣುತ್ತದೆ. ಆ ಗೋಳದಿಂದ ಕಪ್ಪು ಎಣ್ಣೆ ಇಳಿದು ಟೈರಿನ ಒಳಬದಿಯೆಲ್ಲ ಒದ್ದೆಯಾಗಿದ್ದರೆ, ನೋಡಿದವರು ತಕ್ಷಣ "ಜಾಯಿಂಟ್ ಹೋಯ್ತು" ಅಂತಾರೆ. ಬಹಳ ಸಲ ಜಾಯಿಂಟ್‌ಗೆ ಏನೂ ಆಗಿರುವುದಿಲ್ಲ. ಒಳಗಡೆ ಎಲ್ಲೋ ಒಂದು ರಬ್ಬರ್ ಸೀಲ್ ಸೋತಿರುತ್ತದೆ, ಅಷ್ಟೇ. ಆದರೆ ಅದನ್ನು ಹಾಗೇ ಬಿಟ್ಟರೆ ಮುಂದೆ ಜಾಯಿಂಟೂ ಹೋಗುತ್ತದೆ, ಬೇರಿಂಗೂ ಹೋಗುತ್ತದೆ.

ಮುಂದಿನ ಆಕ್ಸಲ್ ಸರ್ವೀಸ್ ಅಂದರೆ ದೊಡ್ಡ ಸುತ್ತಿಗೆ, ದೊಡ್ಡ ಸ್ಪ್ಯಾನರ್ ಕೆಲಸ ಅನ್ನುವ ಭಯ ಸುಮಾರು ಜನಕ್ಕಿದೆ. ಬಲ ಬೇಕು, ನಿಜ. ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಶುಚಿ ಮತ್ತು ತಾಳ್ಮೆ. ಕೂಲಂಕಷವಾಗಿ ತೊಳೆಯುವುದು, ಸೀಲನ್ನು ನೇರವಾಗಿ ಕೂರಿಸುವುದು, ಹೊಸ ಸೀಲಿನ ತುಟಿಗೆ ಗೀರು ಬೀಳದಂತೆ ಶಾಫ್ಟ್ ಒಳಗೆ ಬಿಡುವುದು. ಈ ಮೂರು ಸರಿ ಹೋದರೆ ಉಳಿದದ್ದು ಬೋಲ್ಟ್ ಬಿಚ್ಚಿ ಹಾಕುವ ಕೆಲಸ.

ಒಳಗೆ ಏನಿದೆ

ಮುಂದಿನ ಚಕ್ರ ಎರಡು ಕೆಲಸ ಒಟ್ಟಿಗೆ ಮಾಡಬೇಕು. ಎಡಕ್ಕೆ ಬಲಕ್ಕೆ ತಿರುಗಬೇಕು, ಜೊತೆಗೆ ಇಂಜಿನ್ನಿನಿಂದ ಬರುವ ತಿರುಚುವ ಬಲವನ್ನೂ ತೆಗೆದುಕೊಳ್ಳಬೇಕು. ಹಾಗಾಗಿ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್‌ನಿಂದ ಬರುವ ಶಾಫ್ಟಿಗೂ ಚಕ್ರಕ್ಕೂ ನಡುವೆ ಬಾಗುವ ಒಂದು ಜಾಯಿಂಟ್ ಬೇಕೇ ಬೇಕು.

ಹಳೆಯ ಮತ್ತು ಸರಳವಾದ ದಾರಿ ಯು-ಜಾಯಿಂಟ್. ಗ್ಯಾರೇಜುಗಳಲ್ಲಿ ಇದನ್ನು ಕ್ರಾಸ್ ಅಂತಲೂ ಕರೆಯುತ್ತಾರೆ. ಅಡ್ಡ ಉದ್ದ ನಾಲ್ಕು ಕೈಗಳ ಒಂದು ಉಕ್ಕಿನ ತುಂಡು, ಪ್ರತಿ ಕೈಗೂ ಒಂದು ಕಪ್, ಕಪ್ಪಿನೊಳಗೆ ಸಣ್ಣ ಸೂಜಿ ಬೇರಿಂಗುಗಳು. ಗಟ್ಟಿ ಸರಕು. ಆದರೆ ಒಂದು ತೊಂದರೆ ಇದೆ. ಶಾಫ್ಟ್ ಬಾಗಿದಾಗ ಆಚೆ ಬದಿಯ ವೇಗ ಒಂದೇ ಸಮ ಇರುವುದಿಲ್ಲ. ಒಳಬದಿ ನಿಮಿಷಕ್ಕೆ 100 ಸುತ್ತು ಸಮನಾಗಿ ತಿರುಗುತ್ತಿದೆ ಅಂದುಕೊಳ್ಳಿ. ಜಾಯಿಂಟ್ 30 ಡಿಗ್ರಿ ಬಾಗಿದ್ದರೆ ಹೊರಬದಿಯ ವೇಗ ಸುಮಾರು 87ಕ್ಕೆ ಇಳಿದು, 115ಕ್ಕೆ ಏರಿ, ಮತ್ತೆ ಇಳಿಯುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ಹೀಗಾಗುತ್ತದೆ. ಫೋರ್-ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕೈಯಲ್ಲಿ ಸ್ಟೇರಿಂಗ್ ಲಯಬದ್ಧವಾಗಿ ಎಳೆದಾಡಿದಂತೆ ಆಗುವುದು ಇದರಿಂದಲೇ. ಯು-ಜಾಯಿಂಟ್ ಇರುವ ಗಾಡಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ಸಹಜ, ರಿಪೇರಿ ಮಾಡಿದರೂ ಹೋಗುವುದಿಲ್ಲ.

ಈ ಏರಿಳಿತ ತಪ್ಪಿಸುವುದೇ ಸಿ.ವಿ. (ಕಾನ್ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗದ) ಜಾಯಿಂಟಿನ ಕೆಲಸ. 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ವಿನ್ಯಾಸವೇ ಇವತ್ತಿಗೂ ಚಾಲ್ತಿಯಲ್ಲಿದೆ. ಹೊರಗೆ ಬಟ್ಟಲಿನಾಕಾರದ ರೇಸ್ (ಗುಂಡು ಓಡುವ ಉಕ್ಕಿನ ಬಳೆ), ಒಳಗೆ ಚಿಕ್ಕ ರೇಸ್, ನಡುವೆ ಆರು ಉಕ್ಕಿನ ಗುಂಡುಗಳು, ಗುಂಡುಗಳನ್ನು ಹಿಡಿದಿಡಲು ಒಂದು ಕೇಜ್. ಜಾಯಿಂಟ್ ಎಷ್ಟೇ ಬಾಗಲಿ, ಆರೂ ಗುಂಡುಗಳು ಎರಡು ಶಾಫ್ಟುಗಳ ಕೋನದ ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತವೆ. ಅದಕ್ಕೇ ಎರಡೂ ಬದಿಯ ವೇಗ ಸಮ. ಟೊಯೊಟಾ ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪ್ಯಾಟ್ರೋಲ್, ಸುಝುಕಿಯ ಚಿಕ್ಕ ಜೀಪುಗಳು ಇವುಗಳ ಗಟ್ಟಿ ಆಕ್ಸಲ್‌ನಲ್ಲಿ ಇರುವುದು ಈ ಜಾತಿಯದ್ದು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಬರ್ಫೀಲ್ಡ್. ಡಾನಾ ಕಂಪನಿಯ ಆಕ್ಸಲ್ ಇರುವ ಬಹಳಷ್ಟು ಜೀಪು, ಅಮೆರಿಕನ್ ಪಿಕಪ್‌ಗಳಲ್ಲಿ ಯು-ಜಾಯಿಂಟ್.

ಹೊರಗಿನಿಂದ ಗುರುತಿಸುವುದು ಸುಲಭ. ಯು-ಜಾಯಿಂಟ್ ಸಾಮಾನ್ಯವಾಗಿ ಬಯಲಲ್ಲೇ ಇರುತ್ತದೆ, ಬಗ್ಗಿದರೆ ಕಾಣುತ್ತದೆ. ಬರ್ಫೀಲ್ಡ್ ಆ ಗೋಳದೊಳಗೆ ಮುಚ್ಚಿಕೊಂಡಿರುತ್ತದೆ. ಇನ್ನು, ಮುಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಗೋಳವೂ ಇಲ್ಲ, ಆಕ್ಸಲ್ ಕೊಳವೆಯೂ ಇಲ್ಲ. ರಬ್ಬರ್ ಬೂಟ್ ಹಾಕಿದ ಶಾಫ್ಟ್ ಮಾತ್ರ. ಅಲ್ಲಿ ಬೂಟ್ ಹರಿಯದಂತೆ ನೋಡಿಕೊಂಡರೆ ಮುಕ್ಕಾಲು ಪಾಲು ಸರ್ವೀಸ್ ಮುಗಿದಂತೆ. ಈ ಲೇಖನ ಮುಖ್ಯವಾಗಿ ಮುಚ್ಚಿದ ಗೋಳದ ಜಾತಿಯ ಬಗ್ಗೆ. ಬಿಚ್ಚಲು ಹೆಚ್ಚು ಇರುವುದು, ಗೊಂದಲ ಹೆಚ್ಚು ಇರುವುದು ಅಲ್ಲೇ.

ಎಣ್ಣೆ ಒಂದು ಕಡೆ, ಗ್ರೀಸ್ ಇನ್ನೊಂದು ಕಡೆ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಡಿಫರೆನ್ಷಿಯಲ್ ಮತ್ತು ಆಕ್ಸಲ್ ಕೊಳವೆಯ ಒಳಗಿರುವುದು ಗೇರ್ ಆಯಿಲ್, ಅಂದರೆ ಹರಿಯುವ ಎಣ್ಣೆ. ಗೋಳದೊಳಗೆ, ಜಾಯಿಂಟಿನ ಸುತ್ತ ಇರುವುದು ಗಟ್ಟಿ ಗ್ರೀಸ್. ಇವೆರಡನ್ನೂ ಬೇರೆ ಇಡುವುದು ಆಕ್ಸಲ್ ಕೊಳವೆಯ ತುದಿಯಲ್ಲಿರುವ ಒಂದು ಸಣ್ಣ ಆಯಿಲ್ ಸೀಲ್. ಗೋಳದ ಹೊರಮೈ ಮೇಲೆ ಇನ್ನೊಂದು ಸೀಲ್ ಇದೆ. ಫೆಲ್ಟ್, ರಬ್ಬರ್, ಲೋಹದ ರಿಂಗ್ ಸೇರಿದ ಜೋಡಣೆ ಅದು. ಸ್ಟೇರಿಂಗ್ ತಿರುಗಿದಾಗಲೆಲ್ಲ ಗಾಜಿನ ವೈಪರಿನಂತೆ ಗೋಳವನ್ನು ಒರೆಸುತ್ತದೆ. ಗ್ರೀಸನ್ನು ಒಳಗೂ ಕೆಸರನ್ನು ಹೊರಗೂ ಇಡುವುದು ಇದರ ಕೆಲಸ. ಎಣ್ಣೆ ತಡೆಯುವುದು ಇದರ ಕೆಲಸವಲ್ಲ.

ಈಗ ಒಳಗಿನ ಚಿಕ್ಕ ಸೀಲ್ ಸವೆಯಿತು ಅನ್ನಿ. ಗೇರ್ ಆಯಿಲ್ ಗೋಳದೊಳಗೆ ಬರುತ್ತದೆ. ಗ್ರೀಸ್ ಕರಗಿ ತೆಳ್ಳಗಾಗುತ್ತದೆ. ಆ ತೆಳು ಕಪ್ಪು ದ್ರವವನ್ನು ಹೊರಗಿನ ಸೀಲ್ ತಡೆಯಲಾರದು, ಹೊರಗೆ ಇಳಿಯುತ್ತದೆ. ಇತ್ತ ಡಿಫರೆನ್ಷಿಯಲ್‌ನಲ್ಲಿ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ. ನೋಡುವವರಿಗೆ ಕಾಣುವುದು ಹೊರಗಿನ ಸೋರಿಕೆ. ಅವರು ಹೊರಗಿನ ಸೀಲ್ ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಸೋರಿಕೆ. ಮೂಲ ಕಾರಣ ಒಳಗೇ ಉಳಿದಿತ್ತಲ್ವಾ?

ಇದನ್ನು ಬಿಚ್ಚದೇ ಪತ್ತೆ ಹಚ್ಚಬಹುದು. ಗೋಳದ ಮೇಲಿನ ತುಂಬುವ ಪ್ಲಗ್ ತೆಗೆದು ಒಂದು ತಂತಿ ಇಳಿಸಿ ನೋಡಿ. ಗಟ್ಟಿ ಗ್ರೀಸ್ ಅಂಟಿ ಬಂದರೆ ಒಳಗಿನ ಸೀಲ್ ಕೆಲಸ ಮಾಡುತ್ತಿದೆ. ಎಣ್ಣೆ ತೊಟ್ಟಿಕ್ಕಿದರೆ, ಗಂಧಕದಂಥ ಗೇರ್ ಆಯಿಲ್ ವಾಸನೆ ಬಂದರೆ ಸೀಲ್ ಹೋಗಿದೆ. ಹಾಲಿನಂತೆ ಬಿಳುಚಿದ್ದರೆ ನೀರು ಹೊಕ್ಕಿದೆ.

ಇಲ್ಲಿ ಇನ್ನೊಂದು ಪುಟ್ಟ ಭಾಗದ ಬಗ್ಗೆ ಹೇಳಲೇಬೇಕು. ಆಕ್ಸಲ್ ಮೇಲೆ ಬ್ರೀದರ್ ಅಂತ ಒಂದು ಉಸಿರುಗೊಳವೆ ಇರುತ್ತದೆ. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಬ್ರೀದರಿನಿಂದ ಹೊರಗೆ ಹೋಗಬೇಕು. ಬ್ರೀದರ್ ಕೆಸರಿನಿಂದ ಮುಚ್ಚಿಕೊಂಡಿದ್ದರೆ ಆ ಒತ್ತಡ ಸೀಲುಗಳ ಮೇಲೆ ಬೀಳುತ್ತದೆ, ಎಣ್ಣೆ ಅವುಗಳನ್ನು ದಾಟಿಕೊಂಡು ಬರುತ್ತದೆ. ಉಲ್ಟಾ ಕೂಡ ಆಗುತ್ತದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಸ ಸೀಲ್ ಹಾಕಿಯೂ ಸೋರುವ ಎಷ್ಟೋ ಆಕ್ಸಲ್‌ಗಳ ರೋಗ ಈ ಮುಚ್ಚಿದ ಬ್ರೀದರ್. ಸ್ಪ್ಯಾನರ್ ಹಿಡಿಯುವ ಮೊದಲು ಅದನ್ನು ಬಿಚ್ಚಿ, ಊದಿ ನೋಡಿ.

ಯಾವ ಸದ್ದು, ಯಾವ ಅಲುಗಾಟ

ಜಾಯಿಂಟ್ ನಿಜವಾಗಿ ಸವೆದಿದ್ದರೆ ಸದ್ದು ಮಾಡಿ ಹೇಳುತ್ತದೆ. ಸಡಿಲ ಮಣ್ಣಿನ ಮೇಲೆ ಫೋರ್-ವೀಲ್ ಹಾಕಿ, ಲಾಕಿಂಗ್ ಹಬ್ (ಚಕ್ರವನ್ನು ಶಾಫ್ಟಿಗೆ ಜೋಡಿಸುವ, ಬಿಡಿಸುವ ಭಾಗ) ಇದ್ದರೆ ಅದನ್ನೂ ಲಾಕ್ ಮಾಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಚಕ್ರದ ವೇಗಕ್ಕೆ ತಕ್ಕಂತೆ ಟಕ್ ಟಕ್ ಅಂತ ಬಂದರೆ ಜಾಯಿಂಟಿನ ಮೇಲೆ ಅನುಮಾನ ಪಡಬಹುದು. ಪಾರ್ಟ್-ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್-ವೀಲ್ ಗಾಡಿಯನ್ನು ಒಣ ಡಾಂಬರಿನ ಮೇಲೆ ಹೀಗೆ ಪರೀಕ್ಷೆ ಮಾಡಬೇಡಿ. ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಗೇರುಗಳಿಗೆ ಸುಮ್ನೆ ಹೊರೆ.

ಅಲುಗಾಟದ ಪರೀಕ್ಷೆ ಇನ್ನೂ ಚೆನ್ನಾಗಿದೆ. ಚಕ್ರ ಎತ್ತಿ, ಟೈರನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಎರಡು ಸಾಧ್ಯತೆ: ವೀಲ್ ಬೇರಿಂಗ್ ಸಡಿಲ, ಇಲ್ಲವೇ ಸ್ಟೇರಿಂಗ್ ನಕಲ್ (ಚಕ್ರವನ್ನು ಹೊತ್ತು ಎಡ ಬಲಕ್ಕೆ ತಿರುಗುವ ಭಾಗ) ತಿರುಗುವ ಮೇಲಿನ ಕೆಳಗಿನ ಬೇರಿಂಗ್ ಸಡಿಲ. ಯಾವುದು ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಹಬ್ಬೂ ನಕಲ್ಲೂ ಒಂದಕ್ಕೊಂದು ಬಿಗಿಯಾಗುತ್ತವೆ. ಆಗ ಅಲುಗಾಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ನಕಲ್ ಬೇರಿಂಗ್. ಟೈರನ್ನು ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಟೈ ರಾಡ್ ತುದಿಗಳನ್ನು ನೋಡಿ.

ನಕಲ್ ಬೇರಿಂಗಿನ ಸವೆತ ವಿಚಿತ್ರವಾದದ್ದು. ಈ ಬೇರಿಂಗ್ ಯಾವತ್ತೂ ಪೂರ್ತಿ ಸುತ್ತು ತಿರುಗುವುದಿಲ್ಲ. ಗಾಡಿ ನೇರ ಹೋಗುವಾಗ ರೋಲರುಗಳು ಒಂದೇ ಜಾಗದಲ್ಲಿ ಕೂತು ಗುಂಡಿಯ ಏಟನ್ನೆಲ್ಲ ತಿನ್ನುತ್ತವೆ. ವರ್ಷಗಳಲ್ಲಿ ರೇಸಿನ ಮೇಲೆ ಸಾಲಾಗಿ ಗೀಟು ಗೀಟು ತಗ್ಗು ಬೀಳುತ್ತದೆ. ಆಮೇಲೆ ಸ್ಟೇರಿಂಗ್ ನಡುವಿನಲ್ಲಿ ಬಂದು ಕಚ್ಚಿಕೊಂಡಂತೆ ಆಗುತ್ತದೆ, ಒಂದು ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗಲು ಶುರು ಮಾಡಬಹುದು. ಅಷ್ಟೊತ್ತಿಗೆ ಸ್ಟೇರಿಂಗ್ ಡ್ಯಾಂಪರ್ ಬದಲಿಸಿ ಸಮಾಧಾನ ಪಟ್ಟವರು ಬಹಳ ಜನ. ಅದು ನಡುಕವನ್ನು ಮುಚ್ಚುತ್ತದೆ, ಕಾರಣವನ್ನು ತೆಗೆಯುವುದಿಲ್ಲ.

ಬಿಚ್ಚುವ ಮೊದಲು

ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್ ಕೈಯಲ್ಲಿರಲಿ. ಟಾರ್ಕ್ ಅಂಕಿ, ಸೀಲ್ ಕೂರುವ ಆಳ, ಬೇರಿಂಗಿನ ಬಿಗಿ, ಇವು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ. ಕೆಲವು ನಟ್‌ಗಳಿಗೆ ವಿಶೇಷ ಸಾಕೆಟ್ ಬೇಕು. ಉದಾಹರಣೆಗೆ ಲ್ಯಾಂಡ್ ಕ್ರೂಸರ್ ವೀಲ್ ಬೇರಿಂಗ್ ನಟ್ 54 ಮಿ.ಮೀ.ನದ್ದು. ಅದನ್ನು ಉಳಿ ಇಟ್ಟು ಹೊಡೆದು ತಿರುಗಿಸುವವರು ಇದ್ದಾರೆ. ನಟ್ಟೂ ಹಾಳು, ಬಿಗಿಯೂ ಊಹೆ. ಸಾಕೆಟ್ ಕೊಂಡುಬಿಡಿ.

ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಅಡೆ ಕೊಡಿ. ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ನ್ಯೂಟ್ರಲ್‌ನಲ್ಲಿದ್ದರೆ, ಗೇರ್ ಹಾಕಿದ್ದರೂ ಪಾರ್ಕಿಂಗ್‌ಗೆ ಹಾಕಿದ್ದರೂ ಚಕ್ರ ತಡೆಯುವುದಿಲ್ಲ ಅನ್ನುವುದು ನೆನಪಿರಲಿ. ಮುಂದಿನ ಆಕ್ಸಲ್‌ನ ಎರಡೂ ಬದಿ ಎತ್ತಿ, ಕೊಳವೆಯ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ಮೇಲೆ ಗಾಡಿ ನಿಲ್ಲಿಸಿ ಕೈ ಒಳಗೆ ಹಾಕಬೇಡಿ. ಎರಡೂ ಬದಿ ಸಮ ಎತ್ತರಕ್ಕೆ ಎತ್ತುವುದಕ್ಕೆ ಇನ್ನೊಂದು ಕಾರಣವಿದೆ. ಒಂದೇ ಬದಿ ಎತ್ತಿದರೆ ಡಿಫರೆನ್ಷಿಯಲ್ ಎಣ್ಣೆ ಇನ್ನೊಂದು ಬದಿಗೆ ಹರಿಯುತ್ತದೆ, ಆ ಬದಿ ಶಾಫ್ಟ್ ಎಳೆದಾಗ ಸುರಿಯುತ್ತದೆ. ಹೇಗಿದ್ದರೂ ಎಣ್ಣೆ ಬದಲಿಸುವ ಸಮಯವಾಗಿದ್ದರೆ ಮೊದಲೇ ಇಳಿಸಿಬಿಡುವುದು ಒಳ್ಳೆಯದು. ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ಅಂತ ನೋಡಿ. ಖಾಲಿ ಮಾಡಿದ ಮೇಲೆ ಅದು ಬಿಚ್ಚಲಿಲ್ಲ ಅಂದರೆ ಗಾಡಿ ಅಲ್ಲೇ ಕೂರುತ್ತದೆ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಗೊಂದಲವಾದಾಗ ನೋಡಲು ಬಿಚ್ಚದ ಬದಿ ಇರುತ್ತದೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಬಿಚ್ಚುವುದು

ಚಕ್ರ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರ್. ಅದನ್ನು ತಂತಿಯಿಂದ ಸ್ಪ್ರಿಂಗಿಗೋ ಚಾಸಿಗೋ ಕಟ್ಟಿ ನೇತುಹಾಕಿ. ಬ್ರೇಕ್ ಹೋಸಿನ ಮೇಲೆ ಭಾರ ಬೀಳಬಾರದು. ಬ್ರೇಕ್ ದೂಳನ್ನು ಗಾಳಿ ಹಿಡಿದು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಮುಂದೆ ಹಬ್ಬಿನ ಮುಖ. ಲಾಕಿಂಗ್ ಹಬ್ ಅಥವಾ ಡ್ರೈವ್ ಫ್ಲ್ಯಾಂಜ್, ಅದರ ಸ್ಟಡ್ಡುಗಳಲ್ಲಿ ಕೋನಿನಾಕಾರದ ಸೀಳು ವಾಷರುಗಳು. ನಟ್ ಬಿಚ್ಚಿದರೂ ಇವು ಅಲ್ಲೇ ಕಚ್ಚಿಕೊಂಡಿರುತ್ತವೆ. ನಟ್ಟನ್ನು ಸ್ಟಡ್ ತುದಿಗೆ ಸಮ ಬರುವಷ್ಟು ಮತ್ತೆ ಹಾಕಿ, ಅದರ ಮೇಲೆ ಹಿತ್ತಾಳೆ ಸರಳು ಇಟ್ಟು ಬಡಿಯಿರಿ. ಥ್ರೆಡ್ ಉಳಿಯುತ್ತದೆ, ಅದುರಿಗೆ ವಾಷರ್ ಸಡಿಲವಾಗಿ ಎದ್ದು ಬರುತ್ತದೆ. ಉಳಿ ತೂರಿಸಿ ಮೀಟುವುದಕ್ಕಿಂತ ಇದು ಎಷ್ಟೋ ಮೇಲು. ಶಾಫ್ಟ್ ತುದಿಯಲ್ಲಿ ಒಂದು ಸರ್ಕ್ಲಿಪ್ (ಬಾಯಿ ತೆರೆದ ಸ್ಪ್ರಿಂಗ್ ಬಳೆ) ಇರುತ್ತದೆ. ತುದಿಯ ತೂತಿಗೆ ಒಂದು ಬೋಲ್ಟ್ ಹಾಕಿ ಶಾಫ್ಟನ್ನು ಹೊರಕ್ಕೆ ಎಳೆದು ಹಿಡಿದರೆ ಸರ್ಕ್ಲಿಪ್ ತೆಗೆಯಲು ಜಾಗ ಸಿಗುತ್ತದೆ.

ಆಮೇಲೆ ಲಾಕ್ ನಟ್, ಅದರ ಹಿಂದಿನ ಮಡಚಿದ ವಾಷರ್, ಒಳನಟ್. ಹಬ್ಬನ್ನು ಹೊರಗೆ ಎಳೆಯುವಾಗ ಹೊರಗಿನ ಬೇರಿಂಗ್ ಜಾರಿ ಬೀಳುತ್ತದೆ, ಕೈ ಅಡ್ಡ ಇಡಿ. ಹಬ್ ಹೋದ ಮೇಲೆ ಕಾಣುವುದು ಸ್ಪಿಂಡಲ್, ಅಂದರೆ ಹಬ್ ಕೂರುವ ಟೊಳ್ಳು ಕೊಳವೆ. ಬೋಲ್ಟ್ ಬಿಚ್ಚಿದರೂ ಅದು ಅಂಟಿಕೊಂಡಿರುತ್ತದೆ. ರಬ್ಬರ್ ಅಥವಾ ಹಿತ್ತಾಳೆ ಸುತ್ತಿಗೆಯಿಂದ ಸುತ್ತ ತಟ್ಟಿದರೆ ಬಿಡುತ್ತದೆ. ಕೆಳಗೆ ಒಂದು ಅಗಲ ಟ್ರೇ ಇಟ್ಟಿರಿ. ಗೋಳದೊಳಗೆ ಇಷ್ಟು ದಿನ ಬೆರೆತ ಕಪ್ಪು ರಸವೆಲ್ಲ ಈಗ ಇಳಿಯುತ್ತದೆ.

ಈಗ ಶಾಫ್ಟ್, ಜಾಯಿಂಟ್ ಸಮೇತ ಎಳೆದರೆ ಬರಬೇಕು. ಕೆಲವು ಮಾಡೆಲ್‌ಗಳಲ್ಲಿ ಜಾಯಿಂಟಿನ ಹೊರಮೈಯಲ್ಲಿ ಚಪ್ಪಟೆ ಭಾಗಗಳಿರುತ್ತವೆ. ಅವನ್ನು ಸರಿಯಾದ ದಿಕ್ಕಿಗೆ ತಿರುಗಿಸಿದರೆ ಮಾತ್ರ ಗೋಳದ ಬಾಯಿಂದ ಹೊರಬರುತ್ತದೆ. ಸಿಕ್ಕಿಕೊಂಡರೆ ಎಳೆದಾಡಬೇಡಿ, ಶಾಫ್ಟ್ ತಿರುಗಿಸಿ ನೋಡಿ.

ನಕಲ್ ಬೇರಿಂಗೂ ಬದಲಿಸುವುದಿದ್ದರೆ ಟೈ ರಾಡ್ ಬಿಡಿಸಿ, ಸ್ಟೇರಿಂಗ್ ಆರ್ಮ್, ಕೆಳಗಿನ ಕ್ಯಾಪ್ ತೆಗೆಯಬೇಕು. ಅಲ್ಲಿ ಸಂದಿ ಹೊಂದಿಸುವ ತೆಳುವಾದ ಲೋಹದ ಬಿಲ್ಲೆಗಳು, ಅಂದರೆ ಶಿಮ್‌ಗಳಿರುತ್ತವೆ. ಮೇಲಿನದು ಮೇಲೆ, ಕೆಳಗಿನದು ಕೆಳಗೆ, ಎಡದ್ದು ಎಡಕ್ಕೆ. ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಶಿಮ್‌ಗಳು ಬೇರಿಂಗಿನ ಬಿಗಿಯನ್ನಷ್ಟೇ ಅಲ್ಲ, ನಕಲ್ಲು ಆಕ್ಸಲ್‌ನ ನಡುಗೆರೆಗೆ ಸರಿಯಾಗಿ ಕೂರುವುದನ್ನೂ ನಿರ್ಧರಿಸುತ್ತವೆ. ಅದಲು ಬದಲಾದರೆ ಶಾಫ್ಟ್ ಸೀಲಿನ ಮಧ್ಯಕ್ಕೆ ಬರದೆ ಒಂದು ಬದಿಗೆ ಒತ್ತುತ್ತದೆ. ಹೊಸ ಸೀಲ್ ಬೇಗ ಸೋತುಹೋಗುವ ಕಾರಣಗಳಲ್ಲಿ ಇದೂ ಒಂದು.

ತೊಳೆಯುವುದು, ನೋಡುವುದು

ಬೇಸರದ ಕೆಲಸ ಇದೇ, ಮುಖ್ಯ ಕೆಲಸವೂ ಇದೇ. ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್, ಹಳೆ ಬಟ್ಟೆ. ಪೆಟ್ರೋಲ್ ಬೇಡ, ಬೆಂಕಿಯ ಭಯ. ಕೈಗವಸು ಹಾಕಿಕೊಳ್ಳಿ. ಹಳೆ ಗ್ರೀಸಿನ ಒಂದು ಮೂಲೆಯನ್ನೂ ಬಿಡಬೇಡಿ. ಅದರಲ್ಲಿ ಉಕ್ಕಿನ ಪುಡಿ, ಮಣ್ಣು ಎಲ್ಲ ಇರುತ್ತದೆ. ಬೇರೆ ಜಾತಿಯ ಗ್ರೀಸುಗಳು ಬೆರೆತರೆ ಮೆತ್ತಗಾಗಿ ಹರಿಯುವುದೂ ಉಂಟು.

ಜಾಯಿಂಟ್ ಬಿಚ್ಚಲು ಶಾಫ್ಟನ್ನು ವೈಸಿಗೆ ಹಿಡಿಸಿ. ವೈಸಿನ ಹಲ್ಲಿಗೆ ಮೃದು ಲೋಹದ ತಗಡು ಇಡಿ. ಒಳಗಿನ ರೇಸಿನ ಮೇಲೆ ಹಿತ್ತಾಳೆ ಸರಳು ಇಟ್ಟು ಗಟ್ಟಿಯಾಗಿ ಹೊಡೆದರೆ ಶಾಫ್ಟಿನ ಚಿಕ್ಕ ಕ್ಲಿಪ್ ಕುಗ್ಗಿ ಜಾಯಿಂಟ್ ಕಳಚುತ್ತದೆ. ಆಮೇಲೆ ಕೇಜನ್ನು ಒಂದು ಬದಿಗೆ ಪೂರ್ತಿ ವಾಲಿಸಿ. ಎದ್ದು ಬಂದ ಬದಿಯ ಗುಂಡು ತೆಗೆಯಿರಿ. ಹೀಗೆ ಆರೂ ಗುಂಡು ಒಂದೊಂದಾಗಿ. ಕೊನೆಗೆ ಕೇಜನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆ ಅದೂ ಹೊರಗೆ. ಬಿಚ್ಚುವ ಮೊದಲು ಹೊರ ರೇಸ್, ಕೇಜ್, ಒಳ ರೇಸ್ ಮೂರಕ್ಕೂ ಒಂದು ಸಾಲಿನಲ್ಲಿ ಗುರುತು ಹಾಕಿ. ಇಷ್ಟು ದಿನ ಜೊತೆಯಲ್ಲಿ ಸವೆದ ಭಾಗಗಳು ಅದೇ ಜಾಗಕ್ಕೆ ಹೋದರೆ ಚೆನ್ನ.

ಏನು ನೋಡಬೇಕು? ಗುಂಡು ಓಡಾಡುವ ತೋಡುಗಳಲ್ಲಿ ಉಗುರು ಎಳೆದು ನೋಡಿ. ಬರೀ ಹೊಳಪು ಇದ್ದರೆ ತೊಂದರೆ ಇಲ್ಲ. ಉಗುರು ಸಿಕ್ಕಿಕೊಳ್ಳುವ ತಗ್ಗು, ಚಕ್ಕೆ ಎದ್ದ ಜಾಗ ಇದ್ದರೆ ಟಕ್ ಟಕ್ ಸದ್ದಿನ ಮೂಲ ಅದೇ. ಕೇಜಿನ ಕಿಟಕಿಗಳ ಮೂಲೆಯಲ್ಲಿ, ಬಟ್ಟಲಿನ ಬಾಯಿಯಲ್ಲಿ ಬಿರುಕು ಹುಡುಕಿ. ಬಿರುಕು ಕೂದಲೆಳೆಯಷ್ಟಿದ್ದರೂ ಜಾಯಿಂಟ್ ಎಸೆಯಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರ ಸಿಕ್ಕಿಕೊಂಡಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಜಾಯಿಂಟ್ ಒಡೆಯುವುದು ಹೆಚ್ಚಾಗಿ ಇಲ್ಲೇ.

ಸವೆತ ಸಣ್ಣದಿದ್ದರೆ ಒಂದು ಹಳೆ ಉಪಾಯ ಇದೆ. ಗಾಡಿ ಜಾಸ್ತಿ ಓಡುವುದು ಮುಂದಕ್ಕೇ, ಹಾಗಾಗಿ ಆ ತೋಡುಗಳ ಒಂದು ಬದಿ ಮಾತ್ರ ಹೆಚ್ಚು ಸವೆದಿರುತ್ತದೆ. ಎಡದ ಜಾಯಿಂಟನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಸವೆಯದ ಬದಿ ಕೆಲಸಕ್ಕೆ ಬರುತ್ತದೆ. ಎರಡೂ ಬದಿಯ ಜಾಯಿಂಟ್ ಒಂದೇ ತರ ಇರುವ ಮಾಡೆಲ್‌ಗಳಲ್ಲಿ ಇದು ನಡೆಯುತ್ತದೆ. ಚಕ್ಕೆ ಎದ್ದ ಜಾಯಿಂಟಿಗೆ ಈ ಉಪಾಯ ಬೇಡ.

ಗೋಳದ ಹೊರಮೈಯನ್ನೂ ನೋಡಿ. ತುಕ್ಕಿನ ಚುಕ್ಕೆ ಇದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ. ಆಳವಾದ ತಗ್ಗು ಬಿದ್ದಿದ್ದರೆ ಹೊಸ ಸೀಲ್ ಕೂಡ ಹರಿದುಹೋಗುತ್ತದೆ. ಇನ್ನು ಶಾಫ್ಟಿನ ಮೇಲೆ ಒಳಗಿನ ಸೀಲ್ ಉಜ್ಜುವ ಜಾಗ. ಅಲ್ಲಿ ಗೆರೆ ಬಿದ್ದಿರುತ್ತದೆ. ಗೆರೆ ಆಳವಾಗಿದ್ದರೆ ತೆಳುವಾದ ರಿಪೇರಿ ಸ್ಲೀವ್ ತೊಡಿಸಬಹುದು, ಇಲ್ಲವೇ ಶಾಫ್ಟ್ ಬದಲಿಸಬೇಕು.

ಹೊಸದನ್ನು ಕೂರಿಸುವುದು

ಹಳೆ ಬೇರಿಂಗ್ ರೇಸನ್ನು ಒಳಗಿನಿಂದ ಹಿತ್ತಾಳೆ ಸರಳಿನಿಂದ ಸುತ್ತ ಸಮನಾಗಿ ಬಡಿದು ತೆಗೆಯಿರಿ. ಹೊಸದನ್ನು ಕೂರಿಸುವಾಗ ಕಿವಿ ತೆರೆದಿಡಿ. ಇಳಿಯುತ್ತಿರುವಾಗ ಬರುವ ಸದ್ದೇ ಬೇರೆ, ತಳ ಮುಟ್ಟಿದ ಮೇಲೆ ಬರುವ ಗಟ್ಟಿ ಸದ್ದೇ ಬೇರೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ರೇಸ್ ಮತ್ತು ಬೇರಿಂಗ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಹಳೆ ರೇಸಿನ ಮೇಲೆ ಹೊಸ ಬೇರಿಂಗ್ ಹಾಕುವುದು ದುಡ್ಡು ದಂಡ.

ಒಳಗಿನ ಆಯಿಲ್ ಸೀಲ್ ಕೂರುವ ಜಾಗದಲ್ಲಿ ಗೀರು ಬೀಳದಂತೆ ಹಳೆಯದನ್ನು ಮೀಟಿ ತೆಗೆಯಿರಿ. ಹೊಸದನ್ನು ಅದರ ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಅಥವಾ ಪೈಪಿನ ತುಂಡಿನಿಂದ ನೇರವಾಗಿ, ನಿಧಾನಕ್ಕೆ ಬಡಿದು ಕೂರಿಸಿ. ಸೀಲಿನ ತುಟಿ ಡಿಫರೆನ್ಷಿಯಲ್ ಕಡೆಗೆ, ಅಂದರೆ ಎಣ್ಣೆಯ ಕಡೆಗೆ. ತುಟಿಗೆ ಗ್ರೀಸ್ ಹಚ್ಚಿ. ಒಣ ತುಟಿ ಮೊದಲ ಸುತ್ತುಗಳಲ್ಲೇ ಸುಟ್ಟುಹೋಗುತ್ತದೆ.

ನಕಲ್ ವಾಪಸ್ ಹಾಕುವ ಮೊದಲು ಗೋಳದ ಸೀಲ್ ಸೆಟ್ಟಿನ ಭಾಗಗಳನ್ನು ಮ್ಯಾನುಯಲ್ ತೋರಿಸಿದ ಕ್ರಮದಲ್ಲೇ ಗೋಳದ ಹಿಂದಕ್ಕೆ ತೊಡಿಸಿಡಿ. ನಕಲ್ ಕೂತ ಮೇಲೆ ಅವನ್ನು ಒಳಗೆ ತೂರಿಸಲು ಆಗದು. ಕೆಲವರು ಫೆಲ್ಟನ್ನು ಕತ್ತರಿಸಿ ಸೇರಿಸುತ್ತಾರೆ. ತುರ್ತಿಗೆ ಸರಿ, ಹೇಗೂ ಎಲ್ಲ ಬಿಚ್ಚಿದಾಗ ಯಾಕೆ?

ಬೇರಿಂಗ್, ಶಿಮ್, ಆರ್ಮ್, ಕ್ಯಾಪ್ ಹಾಕಿ ಬಿಗಿ ಮಾಡಿದ ಮೇಲೆ ನಕಲ್ಲಿನ ಬಿಗಿ ಅಳೆಯಬೇಕು. ಟೈ ರಾಡ್ ಜೋಡಿಸುವ ಮೊದಲು, ಗೋಳದ ಸೀಲ್ ಬಿಗಿ ಮಾಡುವ ಮೊದಲು. ಸೀಲಿನ ಎಳೆತ ಸೇರಿಕೊಂಡರೆ ಅಳತೆ ತಪ್ಪುತ್ತದೆ. ಆರ್ಮಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆಯಿರಿ. ಎಷ್ಟು ಕಿಲೋಗೆ ತಿರುಗಲು ಶುರುವಾಗಬೇಕು ಅಂತ ಮ್ಯಾನುಯಲ್ ಹೇಳುತ್ತದೆ. ಕಡಿಮೆ ಇದ್ದರೆ ಸಾಮಾನ್ಯವಾಗಿ ಶಿಮ್ ತೆಗೆಯಬೇಕು, ಜಾಸ್ತಿ ಇದ್ದರೆ ಸೇರಿಸಬೇಕು.

ಗ್ರೀಸ್ ವಿಷಯ. ಜಾಯಿಂಟಿಗೂ ಗೋಳಕ್ಕೂ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್. ಅದರ ಲೋಹದ ಮೇಲಿನ ಪದರ ಗುಂಡು ಜಾರುವ ಜಾಗದಲ್ಲಿ ಸವೆತ ತಡೆಯುತ್ತದೆ. ವೀಲ್ ಬೇರಿಂಗಿಗೆ ಬಿಸಿ ತಡೆಯುವ ಲಿಥಿಯಂ ಗ್ರೀಸ್. ಎರಡೂ ಸಾಮಾನ್ಯವಾಗಿ 2ನೇ ನಂಬರಿನ ಗಡಸಿನವು. ಜಾಯಿಂಟಿನೊಳಗೆ ಪ್ರತಿ ಸಂದಿಗೂ ಒತ್ತಿ ತುಂಬಿ. ಗೋಳವನ್ನು ಮುಕ್ಕಾಲು ಭಾಗದಷ್ಟು ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಬಿಸಿಗೆ ಹಿಗ್ಗಲು ಜಾಗ ಇರದೆ ಹೊಸ ಸೀಲನ್ನೇ ತಳ್ಳುತ್ತದೆ. ವೀಲ್ ಬೇರಿಂಗಿಗೆ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಬಾಯಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಆಚೆ ಬದಿಯ ರೋಲರ್ ಸಂದಿಗಳಿಂದ ಗ್ರೀಸ್ ಎದ್ದು ಬರುವ ತನಕ.

ಈಗ ಇಡೀ ಕೆಲಸದ ಅತ್ಯಂತ ನಾಜೂಕಾದ ಕ್ಷಣ, ಶಾಫ್ಟ್ ಒಳಗೆ ಬಿಡುವುದು. ಒಳತುದಿಯಲ್ಲಿ ಚೂಪಾದ ಸ್ಪ್ಲೈನ್ ಹಲ್ಲುಗಳಿವೆ. ಶಾಫ್ಟಿನ ಭಾರ ಸೀಲಿನ ಮೇಲೆ ಬಿಟ್ಟು ಜಾರಿಸಿದರೆ ಹೊಸ ತುಟಿ ಕೊಯ್ದುಹೋಗುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ. ಹಲ್ಲು ಸೀಲ್ ದಾಟುವ ತನಕ ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡುಮಧ್ಯೆ ಸಾಗಿಸಿ. ಕೊನೆಯಲ್ಲಿ ಸ್ವಲ್ಪ ತಿರುಗಿಸಿದರೆ ಹಲ್ಲು ಡಿಫರೆನ್ಷಿಯಲ್ ಗೇರಿಗೆ ಕೂತು ಟಕ್ಕನೆ ಒಳಗೆ ಹೋಗುತ್ತದೆ. ಅದನ್ನು ಸುತ್ತಿಗೆಯಿಂದ ಹೊಡೆದು ಕಳಿಸಬೇಡಿ.

ಸ್ಪಿಂಡಲ್ ಹಿಂಭಾಗದ ಬುಷ್‌ಗೆ ಗ್ರೀಸ್ ಹಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ. ಹಬ್ಬಿನ ಹಿಂದಿನ ಗ್ರೀಸ್ ಸೀಲೂ ಹೊಸದಿರಲಿ. ವೀಲ್ ಬೇರಿಂಗ್ ನಟ್ಟನ್ನು ಮೊದಲು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಹಬ್ಬನ್ನು ಎರಡೂ ದಿಕ್ಕಿಗೆ ತಿರುಗಿಸಿ ಬೇರಿಂಗ್ ಕೂರಲು ಬಿಡಿ. ಆಮೇಲೆ ಸಡಿಲಿಸಿ, ಕೊನೆಯ ಹಗುರ ಬಿಗಿ ಕೊಡಿ. ಲಾಕ್ ನಟ್ ಹಾಕಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ. ಲಾಕ್ ನಟ್ ಒಳನಟ್ಟನ್ನು ತಳ್ಳಿ ಬಿಗಿ ಹೆಚ್ಚಿಸಿರಬಹುದು. ಎಲ್ಲ ಸರಿ ಇದ್ದ ಮೇಲೆಯೇ ವಾಷರಿನ ಅಂಚು ಮಡಚಿ.

ಬಯಲು ಯು-ಜಾಯಿಂಟ್ ಇದ್ದರೆ

ಕೆಲಸ ಚಿಕ್ಕದು. ಗೋಳವೂ ಇಲ್ಲ, ಗ್ರೀಸ್ ತುಂಬುವುದೂ ಇಲ್ಲ. ಶಾಫ್ಟ್ ಹೊರಗೆ ತೆಗೆದು ಕ್ಲಿಪ್ ಬಿಡಿಸಿ, ವೈಸಿನಲ್ಲಿ ಒಂದು ಬದಿಗೆ ಚಿಕ್ಕ ಸಾಕೆಟ್, ಇನ್ನೊಂದು ಬದಿಗೆ ದೊಡ್ಡ ಸಾಕೆಟ್ ಇಟ್ಟು ಬಿಗಿದರೆ ಕಪ್ ದೊಡ್ಡ ಸಾಕೆಟ್ಟಿನೊಳಗೆ ಹೊರಬರುತ್ತದೆ. ಹೊಸ ಕಪ್ ಹಾಕುವಾಗ ಕ್ರಾಸಿನ ಕೈಯನ್ನು ಕಪ್ಪಿನೊಳಗೆ ಇಟ್ಟುಕೊಂಡೇ ಒತ್ತಿ. ಇಲ್ಲದಿದ್ದರೆ ಒಂದು ಸೂಜಿ ರೋಲರ್ ಬಿದ್ದು ತಳದಲ್ಲಿ ಅಡ್ಡ ಮಲಗುತ್ತದೆ. ಆಗ ಕಪ್ ಪೂರ್ತಿ ಇಳಿಯುವುದಿಲ್ಲ, ಕ್ಲಿಪ್ ಕೂರುವುದಿಲ್ಲ. ಅಂಥ ಹೊತ್ತಲ್ಲಿ ಜೋರು ಮಾಡಿದರೆ ಶಾಫ್ಟಿನ ಕಿವಿ ಬಾಗುತ್ತದೆ. ತೆಗೆದು ಮತ್ತೆ ಹಾಕುವುದೇ ದಾರಿ. ಜೋಡಿಸಿದ ಮೇಲೆ ಜಾಯಿಂಟ್ ಬಿಗಿ ಅನ್ನಿಸಿದರೆ, ಶಾಫ್ಟಿನ ಕಿವಿಗಳ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಕಪ್ಪುಗಳು ಕ್ಲಿಪ್ಪಿನ ಕಡೆಗೆ ಸರಿದು ಸಲೀಸಾಗಿ ಆಡುತ್ತದೆ. ಡಿಫರೆನ್ಷಿಯಲ್ ಸೀಲಿನ ಬಗ್ಗೆ ಹೇಳಿದ ಎಚ್ಚರಿಕೆ ಇಲ್ಲೂ ಅಷ್ಟೇ ನಿಜ.

ಗಾಡಿ ಇಳಿಸಿದ ಮೇಲೆ

ಗಾಡಿ ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ನೋಡಿ. ಕ್ಯಾಲಿಪರ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದ್ದರೆ ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ. ಡಿಫರೆನ್ಷಿಯಲ್ ಎಣ್ಣೆಯನ್ನು ಸರಿಯಾದ ಮಟ್ಟಕ್ಕೆ ತುಂಬಿದ್ದೀರಾ ಅಂತಲೂ ಆಗಲೇ ನೋಡಿಬಿಡಿ.

ಹತ್ತಿಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಎರಡೂ ಹಬ್ಬಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಒಂದು ಬದಿ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಬೇರಿಂಗ್ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಉಜ್ಜುತ್ತಿದೆ. ಗೋಳದ ಮೇಲೆ ಮೊದಲ ದಿನಗಳಲ್ಲಿ ಸ್ವಲ್ಪ ಗ್ರೀಸ್ ಒರೆಸಿಕೊಂಡು ಹೊರಬರುವುದು ಸಹಜ.

ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ಚಕ್ರಗಳನ್ನು ನೇರ ಮಾಡಿಯೇ ನಿಲ್ಲಿಸಿ. ತಿರುಗಿಸಿ ನಿಲ್ಲಿಸಿದರೆ ಗೋಳದ ಹೊರಬಂದ ಭಾಗಕ್ಕೆ ತುಕ್ಕು ಹಿಡಿದು, ಮುಂದೆ ಸ್ಟೇರಿಂಗ್ ತಿರುಗಿಸಿದಾಗ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ಟೇರಿಂಗ್ ಆರ್ಮಿನ ನಟ್‌ಗಳಿಗೆ ಮತ್ತೆ ಟಾರ್ಕ್ ರೆಂಚ್ ಇಟ್ಟು ನೋಡಿ. ಕೋನ್ ವಾಷರ್ ಇರುವ ಈ ನಟ್‌ಗಳು ಕೂತ ಮೇಲೆ ಸ್ವಲ್ಪ ಸಡಿಲಾಗುತ್ತವೆ. ಸಡಿಲಾದ ಸ್ಟಡ್ಡಿನ ಮೇಲೆ ಸ್ಟೇರಿಂಗಿನ ಇಡೀ ಬಲ ಬಿದ್ದು ಅದು ಮುರಿಯಬಹುದು. ಇದೊಂದು ಪರೀಕ್ಷೆಗೆ ಚಕ್ರ ಬಿಚ್ಚುವುದೂ ಬೇಡ, ಗಾಡಿಯ ಕೆಳಗೆ ಐದು ನಿಮಿಷ ಮಲಗಿದರೆ ಆಯಿತು.